ಮನೆ ಮಗನಿಗೂ ಒಂದೇ ನಿಯಮ: ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು



ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಒಬ್ಬ ಹಿರಿಯ ಯೋಧರನ್ನು ನೆನೆಯಬೇಕೆನಿಸಿತು. ಸೈನ್ಯಕ್ಕೂ ಸೊಸೈಟಿಗೂ ಏನು ಸಂಬಂಧ ಅಂತ ಕೇಳಬಹುದು. ಪೂರ್ತಿ ಓದಿದರೆ ನಿಮಗೇ ತಿಳಿಯುತ್ತದೆ.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಕಂದಾಯ ಇಲಾಖೆ ನೌಕರರು. ಮಡಿಕೇರಿಯಲ್ಲಿ ಶಾಲೆ ಮುಗಿಸಿ ಮದರಾಸಿನ ಕಾಲೇಜಿಗೆ ಹೋದರು. ಭಾರತೀಯರಿಗೂ ಅಧಿಕಾರಿಗಳಾಗುವ ಅವಕಾಶ ಸಿಕ್ಕಿದಾಗ ಇಂದೋರಿನಲ್ಲಿ ತರಬೇತಿ ಪಡೆದ ಮೊದಲ ತಂಡದಲ್ಲಿ ಇವರೂ ಒಬ್ಬರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲ ಭಾರತೀಯ ಅಧಿಕಾರಿ ಇವರೇ.

ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದ ಯುದ್ಧದಲ್ಲಿ ಪಶ್ಚಿಮ ಭಾಗದ ಸೇನೆಯನ್ನು ನಡೆಸಿದರು. 1949ರ ಜನವರಿ 15ರಂದು ಬ್ರಿಟಿಷ್ ಸೇನಾಪತಿಯಿಂದ ಅಧಿಕಾರ ವಹಿಸಿಕೊಂಡು ನಮ್ಮ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಅದಕ್ಕೇ ಪ್ರತಿ ವರ್ಷ ಆ ದಿನ ಸೇನಾ ದಿನ ಮಾಡ್ತಾರೆ. 1953ರಲ್ಲಿ ನಿವೃತ್ತರಾಗಿ, 1956ರವರೆಗೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ದೇಶಗಳಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಆಮೇಲೆ ಮಡಿಕೇರಿಯ ‘ರೋಶನಾರಾ’ ಮನೆಗೆ ಬಂದು ನೆಲೆಸಿದರು.

ಮನೆಯಲ್ಲಿ ಅವರಿಗೆ ಸುಖವೇ ಇತ್ತು ಅನ್ನುವಂತಿಲ್ಲ. 1937ರಲ್ಲಿ ಮದುವೆಯಾಯಿತು. ಮಗ ನಂದಾ, ಮಗಳು ನಳಿನಿ. ಗಂಡ ಹೆಂಡತಿ 1945ರಲ್ಲಿ ಬೇರೆಯಾದರು. 1948ರಲ್ಲಿ ಆ ತಾಯಿ ಅಪಘಾತದಲ್ಲಿ ತೀರಿಕೊಂಡರು. ಮಕ್ಕಳಿಗೆ ತಂದೆಯೇ ಆಸರೆ. ಆದರೂ ಶಿಸ್ತು ಸಡಿಲ ಬಿಡಲಿಲ್ಲ. ಒಮ್ಮೆ ಶಾಲೆಯ ಗಾಡಿ ಬರಲಿಲ್ಲವೆಂದು ಕೈಕೆಳಗಿನ ಅಧಿಕಾರಿ ಮಗನನ್ನು ಸರ್ಕಾರಿ ಕಾರಿನಲ್ಲಿ ಮನೆಗೆ ಕರೆತಂದರಂತೆ. ಆ ಅಧಿಕಾರಿಯನ್ನು ಗದರಿಸಿ, ಖರ್ಚನ್ನು ತಮ್ಮ ಲೆಕ್ಕಕ್ಕೇ ಹಾಕಿಸಿದರು.

ದೊಡ್ಡ ಪರೀಕ್ಷೆ ಬಂದದ್ದು 1965ರ ಯುದ್ಧದಲ್ಲಿ. ವಾಯುಪಡೆಯಲ್ಲಿದ್ದ ಮಗನ ವಿಮಾನ ಉರುಳಿ, ಮಗ ಪಾಕಿಸ್ತಾನದ ಸೆರೆಯಾದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ವಿಭಜನೆಗೆ ಮೊದಲು ಕಾರ್ಯಪ್ಪನವರ ಕೆಳಗೆ ಕೆಲಸ ಮಾಡಿದವರು. ಹಳೇ ಗೌರವದಿಂದ, ಮಗನನ್ನು ಬಿಟ್ಟು ಕಳಿಸಲು ಸಿದ್ಧವೆಂದು ಹೇಳಿ ಕಳಿಸಿದರು. ಹೆತ್ತ ಕರುಳಿಗೆ ಹೇಗಾಗಿರಬೇಡ! ಆದರೆ ಸೆರೆಯಲ್ಲಿರುವ ಪ್ರತಿ ಸೈನಿಕನೂ ತನಗೆ ಮಗನೇ, ಬಿಟ್ಟರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಇವನಿಗೆ ಮಾತ್ರ ವಿಶೇಷ ಬೇಡ ಎಂಬುದೇ ಅವರ ಉತ್ತರ. ಮಗ ಉಳಿದವರ ಹಾಗೇ ಸೆರೆಯಲ್ಲಿದ್ದು ಆಮೇಲೆ ಊರಿಗೆ ಬಂದ. ಮುಂದೆ ಏರ್ ಮಾರ್ಷಲ್ ಹುದ್ದೆಗೂ ಏರಿದ.

ವಯಸ್ಸಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಗಡಿಯ ಜವಾನರನ್ನು ಕಂಡು ಧೈರ್ಯ ಹೇಳಿದರು, ಮಾಜಿ ಸೈನಿಕರ ಕಷ್ಟಸುಖಕ್ಕೆ ದುಡಿದರು. 1986ರಲ್ಲಿ, 87ನೇ ವಯಸ್ಸಿನಲ್ಲಿ, ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಅಂತ್ಯಕ್ರಿಯೆ ಮಡಿಕೇರಿಯಲ್ಲೇ ನಡೆಯಿತು.

ಈಗ ನಮ್ಮ ಮಾತಿಗೆ ಬರೋಣ. ಸೊಸೈಟಿಗೆ ಗೊಬ್ಬರದ ಲೋಡು ಬಂದ ದಿನ ಸಾಲಿನಲ್ಲಿ ನಿಲ್ಲೋರಲ್ಲಿ ನಿರ್ದೇಶಕರ ಅಣ್ಣತಮ್ಮಂದಿರೂ ಇರ್ತಾರೆ, ಬಡ ವಿಧವೆಯೂ ಇರ್ತಾಳೆ. ಸಾಲದ ಅರ್ಜಿಯಲ್ಲೂ ಹಾಗೇ. ನಮ್ಮವರು ಅಂತ ಒಂದು ಮೂಟೆ ಮೊದಲು ಹೊರಗೆ ಹೋದರೆ, ಜನರ ನಂಬಿಕೆ ಅದರ ಹಿಂದೆಯೇ ಹೊರಟು ಹೋಗುತ್ತೆ. ನಂಬಿಕೆ ಹೋದ ಸಂಘಕ್ಕೆ ಠೇವಣಿ ಇಡೋರು ಯಾರು? ಸೆರೆಯಲ್ಲಿದ್ದ ಮಗನಿಗೇ ಬೇರೆ ನಿಯಮ ಬೇಡ ಅಂದವರು ನಮ್ಮ ನಾಡಿನವರು. ಒಂದು ಮೂಟೆ ಗೊಬ್ಬರದ ವಿಷಯದಲ್ಲಾದರೂ ನಾವು ಆ ದಾರಿಯಲ್ಲಿ ನಡೆದರೆ ಸಂಘ ಸುವರ್ಣ ಮಹೋತ್ಸವವನ್ನೂ ಕಾಣುತ್ತದೆ.