ಡಿ.ವಿ.ಜಿ. ಅವರ ಮನೆಯ ದುಃಖ

ಆಕಸ್ಮಿಕ ಮರಣ ಸಂಭವಿಸಿದ ಮನೆಗೆ ಸಾಂತ್ವನಕ್ಕಿಂತ ಮೊದಲು ತಲುಪುವುದು ಪ್ರಶ್ನೆಗಳು. ಹೇಗಾಯಿತು, ಯಾರ ಅಜಾಗರೂಕತೆ, ಮನೆಯಲ್ಲಿ ಮೊದಲೇ ಏನಾದರೂ ಇತ್ತೇ? ಧರ್ಮಕೇಂದ್ರದ ಗುರುವಾಗಿ ನಾನೂ ಇಂತಹ ಪ್ರಶ್ನೆಗಳನ್ನು ಕೇಳಿದ್ದುಂಟು, ಕೇಳಬಾರದಿತ್ತು. ಜನರ ಬಾಯಿಗೆ ಅಂಜುವ ಕುಟುಂಬ ಕಣ್ಣೀರನ್ನೂ ಬಾಗಿಲು ಮುಚ್ಚಿಯೇ ಸುರಿಸುತ್ತದೆ. ಈ ವಾರ ಇಂತಹ ಕುಟುಂಬಗಳನ್ನು ನೆನೆಯುತ್ತಾ, ನಮ್ಮ ನೆರೆಯಲ್ಲೇ ಬಾಳಿದ ಹಿರಿಯರೊಬ್ಬರ ಮನೆಯ ಕಡೆಗೆ ವಾಚಕರನ್ನು ಕರೆದೊಯ್ಯಬಯಸುತ್ತೇನೆ.

ಜಯನಗರ, ಬನಶಂಕರಿಗಳಿಂದ ಹೂವು ಹಣ್ಣಿಗಾಗಿ ಗಾಂಧಿ ಬಜಾರಿಗೆ ಹೋಗುವವರಿಗೆ ಡಿ.ವಿ.ಜಿ. ರಸ್ತೆ ಪರಿಚಿತ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು 1887ರ ಮಾರ್ಚ್ 17ರಂದು, ಮುಳಬಾಗಿಲಿನಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆ ಕೈಹಿಡಿಯಲಿಲ್ಲ. ಬೆಂಗಳೂರಿಗೆ ಬಂದು ಪತ್ರಿಕಾವೃತ್ತಿಯನ್ನು ಆಶ್ರಯಿಸಿ, 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಹೆಸರು ದೊಡ್ಡದಾಯಿತು, ವರಮಾನವಲ್ಲ.

ಆ ಕಾಲದ ಪ್ರಸಂಗವೊಂದು ಹಿರಿಯರ ಬಾಯಲ್ಲಿ ಉಳಿದಿದೆ. ಬಂಧುಗಳ ಮನೆಯ ಸಮಾರಂಭಕ್ಕೆ ಮಡದಿ ಭಾಗೀರಥಮ್ಮನವರು ಮಕ್ಕಳನ್ನು ಕಳುಹಿಸಿ ತಾವು ಮನೆಯಲ್ಲೇ ಉಳಿದರಂತೆ. ಕಾರಣ, ಉಡಲಿದ್ದ ಸೀರೆ ಹರಿದಿತ್ತು. ಅದನ್ನು ಕಂಡ ನಾಲ್ಕು ಜನ ಆಡಿಕೊಳ್ಳುವುದು ತಮ್ಮನ್ನಲ್ಲ, ಪತಿಯನ್ನು ಎಂಬ ಎಣಿಕೆ ಆಕೆಯದು. ಬಡತನವನ್ನು ಸಹಿಸಿದ್ದ ಆ ತಾಯಿ ಮನೆಯ ಮಾನಕ್ಕೆ ಕುಂದು ಬರುವುದನ್ನು ಸಹಿಸಲಾರದವರಾಗಿದ್ದರು.

1924ರಲ್ಲಿ ಬೆಂಕಿಯ ಆಕಸ್ಮಿಕದಲ್ಲಿ ಭಾಗೀರಥಮ್ಮನವರು ತೀರಿಕೊಂಡರು. ಗುಂಡಪ್ಪನವರಿಗೆ ಆಗ ಮೂವತ್ತೇಳರ ಆಸುಪಾಸು, ಮಕ್ಕಳು ಎಳೆಯರು. ಅಂದಿನ ಸಮಾಜದಲ್ಲಿ ಆ ವಯಸ್ಸಿನ ವಿಧುರನು ಮರುಮದುವೆಯಾಗುವುದು ಸಹಜವಾಗಿತ್ತು, ಮಕ್ಕಳ ಆರೈಕೆಯ ನೆಪವೂ ಇತ್ತು. ಅವರು ಆಗಲಿಲ್ಲ. ಮುಂದಿನ ಐವತ್ತೊಂದು ವರ್ಷ ಒಂಟಿಯಾಗಿಯೇ ಬಾಳಿದರು. ದುಃಖವನ್ನು ಬೀದಿಗೆ ತರಲಿಲ್ಲ, ಅದರ ನೆಪದಲ್ಲಿ ಬೀದಿಯ ಕೆಲಸವನ್ನು ಬಿಡಲೂ ಇಲ್ಲ. ಎರಡೇ ವರ್ಷದಲ್ಲಿ, 1926ರಲ್ಲಿ, ಮೈಸೂರು ಶಾಸನ ಪರಿಷತ್ತಿನ ಸದಸ್ಯರಾದರು.

‘ಮಂಕುತಿಮ್ಮನ ಕಗ್ಗ’ ಪ್ರಕಟವಾದದ್ದು 1943ರಲ್ಲಿ. ಅದರ 945 ಪದ್ಯಗಳಲ್ಲಿ ಮರಣಕ್ಕೆ ಸಿದ್ಧ ಉತ್ತರ ಹುಡುಕುವವರು ನಿರಾಶರಾಗುತ್ತಾರೆ. ತತ್ತ್ವಶಾಸ್ತ್ರ ಓದಿದ ನಮ್ಮಂಥವರಿಗೆ ‘ಏಕೆ’ ಎಂಬ ಪ್ರಶ್ನೆಯ ಮೋಹ ಹೆಚ್ಚು. ಕಗ್ಗವೂ ಅದನ್ನು ಕೇಳುತ್ತದೆ. ಆದರೆ ಅದಕ್ಕೇ ಜೋತುಬೀಳದೆ, ಇನ್ನು ಹೇಗೆ ಬಾಳಬೇಕು ಎಂಬಲ್ಲಿಗೆ ಮತ್ತೆ ಮತ್ತೆ ಹಿಂದಿರುಗುತ್ತದೆ. ಶೋಕದ ಮನೆಗೆ ಉಪದೇಶ ಹೊತ್ತು ಧಾವಿಸುವ ನಾವು ಗುರುಗಳು ಈ ಸಂಯಮವನ್ನು ಕಲಿಯಬೇಕೆಂದು ನನಗೆ ಅನೇಕ ಸಲ ಅನಿಸಿದೆ.

1945ರಲ್ಲಿ ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ನಾಗರಿಕರು ಸನ್ಮಾನಿಸಿ ಅರ್ಪಿಸಿದ ನಿಧಿಯೂ ಆ ಸಂಸ್ಥೆಗೇ ಸಂದಿತು. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರಲ್ಲಿ ಪದ್ಮಭೂಷಣ ಬಂದವು. 1975ರ ಅಕ್ಟೋಬರ್ 7ರಂದು ನಿಧನರಾದರು.

ತಾಯಿಯಿಲ್ಲದೆ ಬೆಳೆದ ಮಗ ಬಿ.ಜಿ.ಎಲ್. ಸ್ವಾಮಿಯವರು ಸಸ್ಯವಿಜ್ಞಾನಿಯಾಗಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಂಶುಪಾಲರಾಗಿ ಹೆಸರಾದರು. ಅವರ ‘ಹಸುರು ಹೊನ್ನು’ ಕೃತಿಯನ್ನು ಕಾಡು ಮೇಡು ಸುತ್ತುವ ವಿದ್ಯಾರ್ಥಿಗಳ ನಗುವಿಗಾಗಿಯೇ ಓದಬಹುದು. 1978ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ ಬಂದಿತು. ತಂದೆ ತೀರಿಕೊಂಡು ಆಗ ಮೂರು ವರ್ಷವಾಗಿತ್ತು.