ವಿಮರ್ಶೆಯ ದಾರಿ ತೋರಿಸಿದ ಮೌಲಾನಾ ಹಾಲಿ

ಈ ಸಂಚಿಕೆಗೆ ಯಾರಾದರೂ ಮಹನೀಯರ ಜೀವನದ ಬಗ್ಗೆ ಬರೆದುಕೊಡಬೇಕೆಂದು ಕನ್ನಡ ಮೇಡಂ ಹೇಳಿದಾಗ ನಾನು ಮೌಲಾನಾ ಅಲ್ತಾಫ್ ಹುಸೇನ್ ಹಾಲಿ ಅವರ ಹೆಸರು ಹೇಳಿದೆ. ಪಕ್ಕದಲ್ಲಿ ಕೂತಿದ್ದ ಗೆಳತಿ ನಕ್ಕಳು. ಹಾಲಿ ಶಾಸಕರು, ಮಾಜಿ ಶಾಸಕರು ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಹಾಲಿಯೇ ಎಂದು ಕೇಳಿದಳು. ಅವಳು ತಮಾಷೆಗೆ ಕೇಳಿದರೂ ಮಾತು ಸರಿಯಾಗಿಯೇ ಇತ್ತು. ಎರಡೂ ಹಾಲ್ ಎಂಬ ಒಂದೇ ಅರಬ್ಬಿ ಪದದಿಂದ ಬಂದವು. ಹಾಲ್ ಎಂದರೆ ಈಗಿನ ಸ್ಥಿತಿ. ಹಾಲಿ ಎಂದರೆ ಈಗಿನ ಕಾಲದವನು. ಈ ಹೆಸರನ್ನು ಇಟ್ಟುಕೊಂಡ ಕವಿ ತೀರಿಹೋಗಿ ನೂರು ವರ್ಷಗಳ ಮೇಲಾಯಿತು. ಆದರೂ ನನಗೆ ಅವರು ಈಗಿನವರಂತೆಯೇ ಕಾಣುತ್ತಾರೆ. ಅದಕ್ಕೆ ಒಂದು ಕಾರಣವಿದೆ.

ಹೋದ ವರ್ಷ ನಮ್ಮ ವಾರ್ಷಿಕೋತ್ಸವದ ನಾಟಕದ ಬಗ್ಗೆ ಇದೇ ವಾರ್ತಾಪತ್ರಕ್ಕೆ ವರದಿ ಬರೆದವಳು ನಾನೇ. ಅಭಿನಯ ಅಮೋಘ, ಸಂಭಾಷಣೆ ಸೊಗಸು, ಎಲ್ಲರೂ ಮನಸೂರೆಗೊಂಡರು ಎಂದು ಬರೆದೆ. ನಿಜ ಹೇಳಬೇಕೆಂದರೆ ಮುಖ್ಯ ಪಾತ್ರ ಮಾಡಿದ್ದ ನನ್ನ ಗೆಳತಿಯ ಮಾತು ಮೂರನೇ ಸಾಲಿನ ಆಚೆಗೆ ಕೇಳಿಸುತ್ತಲೇ ಇರಲಿಲ್ಲ. ಅವಳು ಪ್ರತಿ ವಾಕ್ಯದ ಕೊನೆಯನ್ನು ನುಂಗುತ್ತಿದ್ದಳು. ಅದು ನನಗೆ ಗೊತ್ತಿತ್ತು, ಆದರೂ ಬರೆಯಲಿಲ್ಲ. ಎರಡು ತಿಂಗಳ ನಂತರ ಅವಳು ಅಂತರ ಕಾಲೇಜು ಸ್ಪರ್ಧೆಗೆ ಹೋಗಿ, ಅದೇ ತಪ್ಪಿಗೆ ಅಂಕ ಕಳೆದುಕೊಂಡು ಬಂದಳು. ನಿನಗೆ ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ನನ್ನನ್ನು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮನೆಯಲ್ಲಿ ಈ ಸಂಗತಿಯನ್ನು ನಾನಾಗೆ ಹೇಳಿದೆ. ಅವರು ಬೀರುವಿನಿಂದ ಒಂದು ಹಳೆಯ ಉರ್ದು ಪುಸ್ತಕ ತೆಗೆದರು. ಅದು ಹಾಲಿಯವರ ಮುಕದ್ದಮಾ. ನಮ್ಮ ಮನೆಮಾತು ಉರ್ದುವಾದರೂ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಉರ್ದು ಓದುವುದು ನಿಧಾನ. ಹಾಗಾಗಿ ಮಗ್ರಿಬ್ ನಮಾಜಿನ ನಂತರ ನಾನಾ ದಿನಕ್ಕೆ ಎರಡು ಮೂರು ಪುಟ ಓದಿ ಹೇಳಿದರು. ಆ ಪುಸ್ತಕ ಬರೆದವರ ಜೀವನವನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಹಾಲಿಯವರು ಹುಟ್ಟಿದ್ದು 1837ರಲ್ಲಿ, ಪಾಣಿಪತ್‌ನಲ್ಲಿ. ನಮಗೆ ಆ ಊರು ಇತಿಹಾಸ ಪುಸ್ತಕದ ಯುದ್ಧಗಳಿಂದ ಗೊತ್ತು. ಅವರ ಬಾಲ್ಯವೂ ಸುಖದ್ದಲ್ಲ. ತಾಯಿಗೆ ಮನಸ್ಸಿನ ಕಾಯಿಲೆ. ಒಂಬತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅಣ್ಣ ಮತ್ತು ಅಕ್ಕಂದಿರು ಸಾಕಿದರು. ಚಿಕ್ಕ ವಯಸ್ಸಿನಲ್ಲೇ ಕುರ್‌ಆನ್ ಕಂಠಪಾಠ ಮಾಡಿದರು. ಪಾರಸಿ, ಅರಬ್ಬಿ ಕಲಿಯುವ ಹಂಬಲ ಇತ್ತು, ಆದರೆ ಮನೆಯವರು ಹದಿನೇಳನೇ ವಯಸ್ಸಿಗೆ ಮದುವೆ ಮಾಡಿಬಿಟ್ಟರು. ಇನ್ನು ಸಂಪಾದನೆ ನೋಡಿಕೊಳ್ಳಬೇಕು ಎಂಬುದು ಎಲ್ಲರ ಮಾತು. ಹೆಂಡತಿ ತವರಿಗೆ ಹೋಗಿದ್ದಾಗ ಅವರು ಯಾರಿಗೂ ಹೇಳದೆ ದೆಹಲಿಗೆ ಹೊರಟುಹೋದರು, ಓದುವುದಕ್ಕಾಗಿ. ನನಗೂ ಈಗ ಹದಿನೇಳು. ಓದು ನಿಂತುಹೋಗುತ್ತದೆ ಎಂಬ ಭಯ ಎಂಥದ್ದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಹೇಳದೆ ಬಿಟ್ಟುಹೋದ ಗಂಡನನ್ನು ಕಾಯುತ್ತಾ ಕೂತ ಆ ಹುಡುಗಿಯ ಬಗ್ಗೆಯೂ ನಾನು ಯೋಚಿಸಿದೆ.

ದೆಹಲಿಯಲ್ಲಿ ಅವರು ಮದರಸಾದಲ್ಲಿ ಓದಿದರು. ಅದೇ ಊರಿನಲ್ಲಿ ಇಂಗ್ಲಿಷ್ ಕಲಿಸುವ ದೆಹಲಿ ಕಾಲೇಜು ಇತ್ತು. ತಾವು ಬೆಳೆದ ಸಮಾಜದಲ್ಲಿ ವಿದ್ಯೆ ಎಂದರೆ ಅರಬ್ಬಿ, ಪಾರಸಿ ಮಾತ್ರ ಆಗಿದ್ದರಿಂದ ಆ ಕಾಲೇಜನ್ನು ಕಣ್ಣೆತ್ತಿಯೂ ನೋಡಲಿಲ್ಲವೆಂದು ಮುಂದೆ ಅವರೇ ಒಪ್ಪಿಕೊಂಡರು. ದೆಹಲಿಯಲ್ಲೇ ಅವರಿಗೆ ಮಿರ್ಜಾ ಗಾಲಿಬರ ಪರಿಚಯವಾಯಿತು. ಗಾಲಿಬರ ಪದ್ಯಗಳು ಅರ್ಥವಾಗದೆ ಹೋದರೆ ಅವರ ಮನೆಗೇ ಹೋಗಿ ಅರ್ಥ ಕೇಳುತ್ತಿದ್ದರು. ಗಾಲಿಬರು ಸಾಮಾನ್ಯವಾಗಿ ಯಾರಿಗೂ ಕವಿತೆ ಬರೆ ಎಂದು ಹೇಳುತ್ತಿರಲಿಲ್ಲವಂತೆ. ಈ ಹುಡುಗನಿಗೆ ಮಾತ್ರ, ನೀನು ಬರೆಯದಿದ್ದರೆ ನಿನಗೆ ನೀನೇ ಅನ್ಯಾಯ ಮಾಡಿಕೊಂಡಂತೆ ಎಂಬ ಅರ್ಥದ ಮಾತು ಹೇಳಿದರು. ಆಗ ಅವರ ಕಾವ್ಯನಾಮ ಖಸ್ತಾ, ಎಂದರೆ ದಣಿದವನು. ಹಾಲಿ ಆದದ್ದು ಆಮೇಲೆ.

ಮನೆಯವರು ಹುಡುಕಿಕೊಂಡು ಬಂದಾಗ ಪಾಣಿಪತ್‌ಗೆ ಮರಳಬೇಕಾಯಿತು. 1856ರಲ್ಲಿ ಹಿಸಾರ್‌ನ ಸರ್ಕಾರಿ ಕಚೇರಿಯಲ್ಲಿ ಸಣ್ಣ ನೌಕರಿ ಸಿಕ್ಕಿತು. ಮಾರನೇ ವರ್ಷವೇ 1857ರ ದಂಗೆ. ನೌಕರಿ ಹೋಯಿತು, ಅವರು ಪ್ರೀತಿಸಿದ ದೆಹಲಿಯೂ ಹಾಳಾಯಿತು. ಕೆಲವು ವರ್ಷಗಳ ನಂತರ ನವಾಬ್ ಮುಸ್ತಫಾ ಖಾನ್ ಶೇಫ್ತಾ ಅವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಶೇಫ್ತಾ ಸ್ವತಃ ಕವಿ. ಅತಿಶಯೋಕ್ತಿ ಅವರಿಗೆ ಸೇರುತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಅದರಲ್ಲೇ ಚೆಲುವು ತರಬೇಕು ಎಂಬುದು ಅವರ ರುಚಿ. ಆ ರುಚಿ ಹಾಲಿಯವರಿಗೂ ಹತ್ತಿತು. 1869ರಲ್ಲಿ ಗಾಲಿಬ್, ಶೇಫ್ತಾ ಇಬ್ಬರೂ ತೀರಿಕೊಂಡರು.

ಆಮೇಲೆ ಹಾಲಿ ಲಾಹೋರಿಗೆ ಹೋದರು. ಅಲ್ಲಿ ಸರ್ಕಾರಿ ಬುಕ್ ಡಿಪೋದಲ್ಲಿ ಕೆಲಸ. ಇಂಗ್ಲಿಷಿನಿಂದ ಉರ್ದುವಿಗೆ ಬಂದ ಪುಸ್ತಕಗಳ ಭಾಷೆಯನ್ನು ತಿದ್ದುವುದು. ನೋಡಲು ಗುಮಾಸ್ತೆಯ ಕೆಲಸ, ಆದರೆ ಇಂಗ್ಲಿಷ್ ಬಾರದ ಅವರಿಗೆ ಹೊಸ ಸಾಹಿತ್ಯದ ಕಿಟಕಿ ತೆರೆದದ್ದು ಅದೇ. 1874ರಲ್ಲಿ ಅದೇ ಲಾಹೋರಿನಲ್ಲಿ ಹೊಸ ರೀತಿಯ ಮುಶಾಯಿರಾ ಶುರುವಾಯಿತು. ಹಳೆಯ ಮುಶಾಯಿರಾಗಳಲ್ಲಿ ಒಂದು ಸಾಲು ಕೊಟ್ಟು ಅದೇ ಪ್ರಾಸದಲ್ಲಿ ಗಜಲ್ ಬರೆಯಿರಿ ಎನ್ನುತ್ತಿದ್ದರು. ಇಲ್ಲಿ ಸಾಲಿನ ಬದಲು ವಿಷಯ ಕೊಟ್ಟರು. ಹಾಲಿಯವರು ಮಳೆಗಾಲ, ದೇಶಪ್ರೇಮ ಮುಂತಾದ ವಿಷಯಗಳ ಮೇಲೆ ನಾಲ್ಕು ದೀರ್ಘ ಕವನ ಬರೆದರು. ಆಮೇಲೆ ದೆಹಲಿಗೆ ಮರಳಿ ಶಾಲಾ ಶಿಕ್ಷಕರಾದರು. ಸರ್ ಸಯ್ಯದ್ ಅಹ್ಮದ್ ಖಾನರ ಒತ್ತಾಯದಿಂದ 1879ರಲ್ಲಿ ಮುಸದ್ದಸ್ ಬರೆದರು. ಅದು ನಮ್ಮ ಅನೇಕರ ಮನೆಗಳಲ್ಲಿ ಈಗಲೂ ಇದೆ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು 1893ರ ಮುಕದ್ದಮಾ-ಎ-ಶೇರ್-ಒ-ಶಾಯರಿ ಬಗ್ಗೆ. ಕನ್ನಡದಲ್ಲಿ ಮೊಕದ್ದಮೆ ಎಂದರೆ ಕೋರ್ಟು ಕೇಸು. ಇಲ್ಲಿ ಅದರ ಅರ್ಥ ಮುನ್ನುಡಿ. ತಮ್ಮ ಕವನ ಸಂಗ್ರಹಕ್ಕೆಂದು ಬರೆದ ಈ ಮುನ್ನುಡಿ ಎಷ್ಟು ಉದ್ದವಾಯಿತೆಂದರೆ ಮುಂದೆ ಅದನ್ನೇ ಬೇರೆ ಪುಸ್ತಕವಾಗಿ ಅಚ್ಚು ಹಾಕಿದರು. ಉರ್ದುವಿನಲ್ಲಿ ಕ್ರಮಬದ್ಧವಾದ ವಿಮರ್ಶೆ ಇಲ್ಲಿಂದಲೇ ಶುರು ಎನ್ನುತ್ತಾರೆ.

ಅದಕ್ಕೆ ಮುಂಚೆ ವಿಮರ್ಶೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಮೂರು ರೀತಿಯಲ್ಲಿ. ಒಂದು, ಮುಶಾಯಿರಾದಲ್ಲಿ ಕೇಳುಗರು ವಾಹ್ ವಾಹ್ ಎನ್ನುವುದು ಅಥವಾ ಸುಮ್ಮನಿರುವುದು. ಎರಡು, ಉಸ್ತಾದರು ಶಿಷ್ಯನ ಪದ್ಯವನ್ನು ತಿದ್ದಿಕೊಡುವುದು. ಇದಕ್ಕೆ ಇಸ್ಲಾಹ್ ಎನ್ನುತ್ತಾರೆ. ಮೂರು, ತಜ್ಕಿರಾ ಎಂಬ ಕವಿಚರಿತ್ರೆಗಳು. ಮೀರ್ ತಕಿ ಮೀರ್ 1752ರಲ್ಲಿ ಬರೆದದ್ದು ಅಂಥದ್ದೊಂದು. ಶೇಫ್ತಾ ಕೂಡ ಒಂದು ಬರೆದಿದ್ದರು. ಅವುಗಳಲ್ಲಿ ಕವಿಯ ಹೆಸರು, ಊರು, ಅವನ ಬಗ್ಗೆ ಎರಡು ಮೂರು ಮಾತು, ನಾಲ್ಕಾರು ಪದ್ಯಗಳು ಇರುತ್ತವೆ. ಹೊಗಳಿಕೆಯೂ ಇದೆ, ಕಟುವಾದ ಮಾತೂ ಇದೆ. ಆದರೆ ಯಾಕೆ ಚೆನ್ನ, ಯಾಕೆ ಚೆನ್ನಲ್ಲ ಎಂಬ ವಿವರಣೆ ಕಡಿಮೆ. ಇದನ್ನು ಕೇಳಿದಾಗ ನನಗೆ ನನ್ನ ನಾಟಕದ ವರದಿ ನೆನಪಾಯಿತು. ಅದರಲ್ಲೂ ಹೆಸರುಗಳಿದ್ದವು, ಹೊಗಳಿಕೆ ಇತ್ತು, ಕಾರಣ ಒಂದೂ ಇರಲಿಲ್ಲ.

ಹಾಲಿಯವರು ಕಾರಣ ಕೇಳಿದರು. ಒಳ್ಳೆಯ ಕವಿಗೆ ಏನು ಬೇಕು? ಕಲ್ಪನಾಶಕ್ತಿ ಬೇಕು, ಸುತ್ತಲಿನ ಜಗತ್ತನ್ನು ಗಮನಿಸಿ ನೋಡುವ ಅಭ್ಯಾಸ ಬೇಕು, ಸರಿಯಾದ ಪದ ಸಿಗುವವರೆಗೆ ಹುಡುಕುವ ತಾಳ್ಮೆ ಬೇಕು. ಒಳ್ಳೆಯ ಕವಿತೆಯಲ್ಲಿ ಏನಿರಬೇಕು? ಸರಳತೆ, ಸತ್ಯಾಂಶ ಮತ್ತು ಆವೇಶ. ಈ ಮೂರನ್ನು ಅವರು ಇಂಗ್ಲಿಷ್ ಕವಿ ಮಿಲ್ಟನ್ನನ ಮಾತಿನಿಂದ ತೆಗೆದುಕೊಂಡರು. ಹಾಗೆಂದು ಹೊರಗಿನವರನ್ನೇ ನಂಬಿಕೊಳ್ಳಲಿಲ್ಲ, ಅರಬ್ಬಿ ವಿದ್ವಾಂಸರೊಡನೆಯೂ ಚರ್ಚೆ ಮಾಡಿದರು. ಕಾವ್ಯದಲ್ಲಿ ಪದ ಬಟ್ಟಲಿನಂತೆ, ಅರ್ಥ ನೀರಿನಂತೆ, ಬಟ್ಟಲು ಚೆನ್ನಾಗಿದ್ದರೆ ನೀರಿನ ಬೆಲೆ ಹೆಚ್ಚುತ್ತದೆ ಎಂಬ ಅಭಿಪ್ರಾಯ ಇಬ್ನ್ ಖಲ್ದೂನರದು. ಹಾಲಿಯವರು ಅದನ್ನು ಪೂರ್ತಿ ಒಪ್ಪಲಿಲ್ಲ. ನೀರೇ ಉಪ್ಪಾಗಿ, ಬಗ್ಗಡವಾಗಿದ್ದರೆ ಬೆಳ್ಳಿ ಬಟ್ಟಲಿನಲ್ಲಿ ಕೊಟ್ಟರೂ ಯಾರಿಗೆ ರುಚಿಸುತ್ತದೆ ಎಂಬುದು ಅವರ ವಾದ.

ಆಮೇಲೆ ಅವರು ಉರ್ದು ಕಾವ್ಯವನ್ನೇ ಪರೀಕ್ಷೆಗೆ ಒಡ್ಡಿದರು. ಬಹುಮಾನದ ಆಸೆಗೆ ರಾಜರನ್ನು ಹೊಗಳುವ ಕವಿತೆಗಳು ಹೆಚ್ಚಾಗಿವೆ ಎಂದರು. ಪ್ರೇಮವನ್ನೇ ಕಾಣದವರು ಪ್ರೇಮದ ಬಗ್ಗೆ, ಮದ್ಯ ಮುಟ್ಟದವರು ಮದ್ಯದ ಬಗ್ಗೆ ಹಿಂದಿನವರನ್ನು ನೋಡಿ ಗಜಲ್ ಬರೆಯುತ್ತಿದ್ದಾರೆ ಎಂದರು. ಗಜಲ್ ಬಿಟ್ಟುಬಿಡಿ ಎಂದು ಹೇಳಲಿಲ್ಲ, ಅದರ ವಿಷಯವನ್ನು ವಿಸ್ತರಿಸಿ ಎಂದರು. ಕೆಟ್ಟ ಕಾವ್ಯ ಸಮಾಜದ ರುಚಿಯನ್ನೂ ಕೆಡಿಸುತ್ತದೆ ಎಂಬುದು ಅವರ ಚಿಂತೆಯಾಗಿತ್ತು. ಅವರು ತಮ್ಮನ್ನೂ ಬಿಟ್ಟುಕೊಳ್ಳಲಿಲ್ಲ. ತಾವು ಹಿಂದೆ ಬರೆದ ಗಜಲ್‌ಗಳೂ ಇದೇ ಜಾತಿಯವೆಂದು ಅವರಿಗೆ ಗೊತ್ತಿತ್ತು.

ಇದನ್ನು ಎಲ್ಲರೂ ಸಂತೋಷದಿಂದ ಒಪ್ಪಿಕೊಂಡರೆಂದು ತಿಳಿಯಬೇಡಿ. ಲಖನೌದ ಅವಧ್ ಪಂಚ್ ಪತ್ರಿಕೆ ಅವರನ್ನು ಬಹಳ ಗೇಲಿ ಮಾಡಿತು. ಅವರು ಜಗಳಕ್ಕೆ ಇಳಿಯದೆ ಮುಂದಿನ ಪುಸ್ತಕ ಬರೆದರು. ಅದು 1897ರ ಯಾದಗಾರ್-ಎ-ಗಾಲಿಬ್. ಅರ್ಥವಾಗದ ಕವಿ ಎಂದು ಜನ ದೂರ ಇಟ್ಟಿದ್ದ ಗಾಲಿಬರ ಪದ್ಯಗಳನ್ನು ಒಂದೊಂದಾಗಿ ಬಿಡಿಸಿ, ಅವು ಯಾಕೆ ದೊಡ್ಡವು ಎಂದು ತೋರಿಸಿಕೊಟ್ಟರು. ತಪ್ಪು ಹುಡುಕುವುದಷ್ಟೇ ವಿಮರ್ಶೆ ಅಲ್ಲ ಎಂದು ನನಗೆ ಇದರಿಂದ ತಿಳಿಯಿತು. ಒಳ್ಳೆಯದನ್ನು ಕಾರಣ ಕೊಟ್ಟು ತೋರಿಸುವುದೂ ಅದೇ ಕೆಲಸ.

ಅವರಿಂದಲೂ ತಪ್ಪುಗಳಾದವು. ನೇರವಾಗಿ ಇಂಗ್ಲಿಷ್ ಓದಲು ಬಾರದ್ದರಿಂದ ಮಿಲ್ಟನ್ನನ ಮಾತನ್ನು ಅವರು ಸರಿಯಾಗಿ ಹಿಡಿಯಲಿಲ್ಲವೆಂದು ಮುಂದಿನ ವಿಮರ್ಶಕರು ಹೇಳಿದರು. ಇನ್ನೊಂದು ತಪ್ಪು ನನಗೆ ಹೆಚ್ಚು ಹತ್ತಿರದ್ದು. 1901ರಲ್ಲಿ ಅವರು ಸರ್ ಸಯ್ಯದರ ಜೀವನಚರಿತ್ರೆ ಹಯಾತ್-ಎ-ಜಾವೇದ್ ಪ್ರಕಟಿಸಿದರು. ಸರ್ ಸಯ್ಯದರನ್ನೂ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ಮೊದಲಲ್ಲೇ ಹೇಳಿದ್ದರು. ಆದರೆ ಅದರಲ್ಲಿ ಹೊಗಳಿಕೆಯೇ ಹೆಚ್ಚೆಂದು ಶಿಬ್ಲಿ ನೋಮಾನಿ ಆಕ್ಷೇಪಿಸಿದರು. ಇಡೀ ಉರ್ದು ಕಾವ್ಯವನ್ನು ಧೈರ್ಯವಾಗಿ ತೂಗಿದವರಿಗೆ ತಾವು ಪ್ರೀತಿಸಿದ ಒಬ್ಬ ಮನುಷ್ಯನನ್ನು ತೂಗುವುದು ಕಷ್ಟವಾಯಿತು. ಗೆಳತಿಯ ವಿಷಯದಲ್ಲಿ ನನಗಾದದ್ದೂ ಅದೇ.

ಹಾಲಿಯವರು ಹೆಣ್ಣುಮಕ್ಕಳ ಪರವಾಗಿಯೂ ಬರೆದರು. ಹುಡುಗಿಯರ ಶಿಕ್ಷಣದ ಬಗ್ಗೆ ಬರೆದ ಮಜಾಲಿಸುನ್ನಿಸಾ ಪುಸ್ತಕಕ್ಕೆ ಸರ್ಕಾರದಿಂದ 400 ರೂಪಾಯಿ ಬಹುಮಾನ ಬಂತು. ಮೌನವಾಗಿ ದುಡಿಯುವ ಹೆಂಗಸರ ಬಗ್ಗೆ ಚುಪ್ ಕೀ ದಾದ್ ಎಂಬ ಕವನ ಬರೆದರು. ಅದನ್ನು ಕೇಳುವಾಗ ನನಗೆ ಪಾಣಿಪತ್‌ನಲ್ಲಿ ಕಾದು ಕೂತಿದ್ದ ಆ ಹುಡುಗಿ ಮತ್ತೆ ನೆನಪಾದಳು. 1904ರಲ್ಲಿ ಅವರಿಗೆ ಶಂಸುಲ್ ಉಲಮಾ ಬಿರುದು ಬಂತು. ಹೈದರಾಬಾದ್ ಸಂಸ್ಥಾನ ಕೊಡುತ್ತಿದ್ದ ಮಾಸಾಶನದಲ್ಲಿ ಸರಳವಾಗಿ ಬದುಕಿ, 1914ರಲ್ಲಿ ಪಾಣಿಪತ್‌ನಲ್ಲಿ ತೀರಿಕೊಂಡರು.

ಕೊನೆಗೆ ಒಂದು ಮಾತು, ವಿಶೇಷವಾಗಿ ನಮ್ಮ ಕಾಮರ್ಸ್ ವಿಭಾಗದವರಿಗೆ. ಉರ್ದುವಿನಲ್ಲಿ ವಿಮರ್ಶೆಗೆ ತನ್ಕೀದ್ ಎನ್ನುತ್ತಾರೆ. ಅದು ನಕ್ದ್ ಎಂಬ ಅರಬ್ಬಿ ಪದದಿಂದ ಬಂದದ್ದು. ನಾಣ್ಯಗಳಲ್ಲಿ ಖರೆ ಯಾವುದು, ಖೋಟಾ ಯಾವುದು ಎಂದು ಪರೀಕ್ಷಿಸಿ ಬೇರೆ ಮಾಡುವುದಕ್ಕೆ ಆ ಪದ ಬಳಸುತ್ತಿದ್ದರು. ನಾವು ದಿನವೂ ಲೆಕ್ಕಶಾಸ್ತ್ರದ ತರಗತಿಯಲ್ಲಿ ಬರೆಯುವ ನಗದು ಎಂಬ ಪದವೂ ಅದೇ. ಹೋದ ವರ್ಷ ನಾನು ಗೆಳತಿಗೆ ಕೊಟ್ಟದ್ದು ಖೋಟಾ ನಾಣ್ಯ. ಅದು ಕಾಲೇಜಿನ ಒಳಗೆ ಚಲಾವಣೆಯಾಯಿತು, ಹೊರಗೆ ಹೋದಾಗ ಯಾರೂ ತೆಗೆದುಕೊಳ್ಳಲಿಲ್ಲ.

ಈ ವರ್ಷದ ನಾಟಕದ ತಾಲೀಮು ಶುರುವಾಗಿದೆ. ಗೆಳತಿಯೇ ನನ್ನನ್ನು ಕರೆದಿದ್ದಾಳೆ. ನಾನು ಕೊನೆಯ ಸಾಲಿನಲ್ಲಿ ಕೂತು, ಯಾವ ವಾಕ್ಯ ಕೇಳಿಸಿತು, ಯಾವುದು ಕೇಳಿಸಲಿಲ್ಲ ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೇನೆ. ಮೊನ್ನೆ ಅವಳಿಗೆ ಹನ್ನೊಂದು ಗುರುತು ತೋರಿಸಿದೆ. ಅವಳಿಗೆ ಸ್ವಲ್ಪ ಬೇಜಾರಾಯಿತು. ನಿನ್ನೆ ನಾಲ್ಕೇ ಇದ್ದವು. ಮುಂದಿನ ಸಂಚಿಕೆಯ ವರದಿಯನ್ನೂ ನಾನೇ ಬರೆಯುತ್ತೇನೆ, ಇನ್‌ಶಾ ಅಲ್ಲಾಹ್. ಅದರಲ್ಲಿ ಅಮೋಘ ಎಂಬ ಪದ ಬಂದರೆ, ಅದರ ಪಕ್ಕದಲ್ಲಿ ಕಾರಣವೂ ಇದೆಯೇ ಎಂದು ನೀವೆಲ್ಲರೂ ನೋಡಬೇಕು.