ಸಾಲಗಾರನ ಮನೆಗೆ ಕಾನೂನಿನ ಬೇಲಿ ಹಾಕಿದ ಸರ್ ಛೋಟೂ ರಾಮ್

ಸಾಲ ತೀರಿಸಲಿಕ್ಕೆ ಆಗದವನ ಮನೆಗೆ ಕೋರ್ಟಿನ ಅಮೀನ ಜಪ್ತಿಗೆ ಬಂದರೆ ಏನನ್ನೆಲ್ಲಾ ಎತ್ತಿಕೊಂಡು ಹೋಗಬಹುದು, ಏನನ್ನು ಮುಟ್ಟಬಾರದು? ಅಡುಗೆಯ ಪಾತ್ರೆ, ಹಾಸಿಗೆ, ಉಟ್ಟ ಬಟ್ಟೆ, ಕೆಲಸಗಾರನ ಉಪಕರಣ ಇವನ್ನು ಮುಟ್ಟುವ ಹಾಗಿಲ್ಲ ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇದನ್ನು ಹೇಳುತ್ತದೆ. ಈ ಒಂದು ಕಲಂನ ಹಿಂದೆ ಬಿದ್ದು ಅದನ್ನು ಬಡವರ ಪರವಾಗಿ ಹಿಗ್ಗಿಸಲು ಹೋರಾಡಿದ ಒಬ್ಬ ಮನುಷ್ಯನ ಬದುಕನ್ನು ಇವತ್ತು ನೋಡುವ. ಹೆಸರು ಸರ್ ಛೋಟೂ ರಾಮ್. ಉತ್ತರದಲ್ಲಿ ಮಕ್ಕಳಿಗೂ ಗೊತ್ತಿರುವ ಹೆಸರು. ನಮ್ಮ ಕಡೆ ಕೇಳಿದವರು ಕಡಿಮೆ.

ಅವರು ಹುಟ್ಟಿದ್ದು 1881ರ ನವೆಂಬರ್ 24ರಂದು, ಆಗಿನ ಪಂಜಾಬಿನ ರೋಹ್ಟಕ್ ಜಿಲ್ಲೆಯ ಗಢೀ ಸಾಂಪ್ಲಾ ಎಂಬ ಹಳ್ಳಿಯಲ್ಲಿ. ಇವತ್ತು ಅದು ಹರಿಯಾಣಕ್ಕೆ ಸೇರಿದೆ. ಜಾಟ್ ರೈತ ಕುಟುಂಬ. ಇಟ್ಟ ಹೆಸರು ರಾಮ್ ರಿಛ್‌ಪಾಲ್, ಆದರೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾದ ಕಾರಣ ಛೋಟೂ ಎಂದು ಕರೆದರು, ಶಾಲೆಯ ರಿಜಿಸ್ಟರಿಗೂ ಅದೇ ಹೆಸರು ಹೋಯಿತು. ತಂದೆ ಸುಖೀರಾಮರಿಗೆ ಮಳೆ ನಂಬಿದ ಸ್ವಲ್ಪ ಜಮೀನು, ಅದಕ್ಕಿಂತ ಜಾಸ್ತಿ ಸಾಲ.

ಹುಡುಗ ಓದಿನಲ್ಲಿ ಚುರುಕು. ಝಜ್ಜರಿನಲ್ಲಿ ಮಿಡ್ಲ್ ಸ್ಕೂಲ್ ಮುಗಿಸಿದ. ಮುಂದೆ ದಿಲ್ಲಿಗೆ ಕಳಿಸಬೇಕು, ದುಡ್ಡಿಲ್ಲ. ಅಪ್ಪ ಮಗನನ್ನು ಕರೆದುಕೊಂಡು ಸಾಂಪ್ಲಾದ ಸಾಹುಕಾರನ ಅಂಗಡಿಗೆ ಹೋದರು. ಮುಂದೆ ಆದದ್ದನ್ನು ಛೋಟೂ ರಾಮರ ಜೀವನ ಬರೆದವರೆಲ್ಲ ಹೇಳುತ್ತಾರೆ. ಸೆಕೆಯ ಹೊತ್ತು. ಆಗ ಕರೆಂಟಿನ ಫ್ಯಾನ್ ಎಲ್ಲಿ? ಮಾಡಿಗೆ ಕಟ್ಟಿದ ಬಟ್ಟೆಯ ಪಂಖಾ, ಅದಕ್ಕೊಂದು ಹಗ್ಗ. ಸಾಹುಕಾರ ಸಾಲದ ಮಾತು ಎತ್ತುವ ಮೊದಲೇ ಆ ಹಗ್ಗವನ್ನು ಎಳೆಯಲು ಸುಖೀರಾಮರಿಗೆ ಹೇಳಿದ. ಸಾಹುಕಾರನ ಸ್ವಂತ ಮಗ ಅಲ್ಲೇ ಪಕ್ಕದಲ್ಲಿ ಸುಮ್ಮನೆ ಕೂತಿದ್ದ. ಪ್ರಾಯವಾದ ರೈತ ಎದ್ದು ಹಗ್ಗ ಹಿಡಿದರು. ಹುಡುಗನಿಗೆ ತಡೆಯಲಾಗಲಿಲ್ಲ, ಗಟ್ಟಿಯಾಗಿ ಪ್ರತಿಭಟಿಸಿದ. ಸಾಲ ಕೇಳಲು ಹೋದ ಅಪ್ಪನ ಮುಖ ನೋಡಿದ ಮಕ್ಕಳಿಗೆ ಆ ಹುಡುಗನ ಹೊಟ್ಟೆಯ ಉರಿ ಏನೆಂದು ವಿವರಿಸುವ ಅಗತ್ಯ ಇಲ್ಲ.

ಹೇಗೋ ದಿಲ್ಲಿಯ ಮಿಷನ್ ಶಾಲೆ ಸೇರಿದರು, ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ 1905ರಲ್ಲಿ ಬಿ.ಎ. ಮುಗಿಸಿದರು. ಸೇಠ್ ಛಾಜೂ ರಾಮ್ ಎಂಬ ದಾನಿ ಖರ್ಚಿಗೆ ಆದರು. ಕಾಲಾಕಾಂಕರಿನ ರಾಜನ ಬಳಿ ಸ್ವಲ್ಪ ಕಾಲ ಕೆಲಸ, ಆಮೇಲೆ ಆಗ್ರಾದಲ್ಲಿ ಕಾನೂನು ಓದು. 1912ರಲ್ಲಿ ರೋಹ್ಟಕ್‌ನಲ್ಲಿ ವಕೀಲಿ ಆರಂಭಿಸಿದರು. 1916ರಲ್ಲಿ ಜಾಟ್ ಗೆಜೆಟ್ ಎಂಬ ಪತ್ರಿಕೆ ತಂದರು, ಅದು ಉರ್ದುವಿನಲ್ಲಿ. ಅದೇ ವರ್ಷದಿಂದ 1920ರವರೆಗೆ ರೋಹ್ಟಕ್ ಜಿಲ್ಲಾ ಕಾಂಗ್ರೆಸಿನ ಅಧ್ಯಕ್ಷರಾಗಿದ್ದರು. ಗಾಂಧೀಜಿಯವರ ಅಸಹಕಾರ ಚಳವಳಿ ರೈತನಿಗೆ ಹೊಂದುವುದಿಲ್ಲ ಎಂದು ಕಂಡು ಹೊರಗೆ ಬಂದರು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ, ನಾನು ಅದಕ್ಕೆ ಕೈ ಹಾಕುವುದಿಲ್ಲ.

ರೋಹ್ಟಕ್ ಕೋರ್ಟಿನಲ್ಲಿ ಅವರು ಕಂಡದ್ದು ದಿನಾ ಒಂದೇ ಕಥೆ. ರೈತ ನೂರು ರೂಪಾಯಿ ತಂದಿರುತ್ತಾನೆ. ಸಾಹುಕಾರನ ಬಹಿಯಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ಎಷ್ಟು ಬರೆದಿದೆ ಎಂದು ಅವನಿಗೆ ಓದಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತುತ್ತಾನೆ. ಬಡ್ಡಿ ಅಸಲಿಗೆ ಸೇರಿ ಮತ್ತೆ ಬಡ್ಡಿ ಹುಟ್ಟುತ್ತದೆ. ಕೊನೆಗೆ ಡಿಕ್ರಿ, ಜಪ್ತಿ, ದುಡ್ಡು ಇಲ್ಲದಿದ್ದರೆ ಜೈಲು. ಮಾಲ್ಕಂ ಡಾರ್ಲಿಂಗ್ ಎಂಬ ಬ್ರಿಟಿಷ್ ಅಧಿಕಾರಿ 1925ರಲ್ಲಿ ಪಂಜಾಬಿನ ರೈತರ ಸಾಲದ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಅವನ ಅಂದಾಜಿನಲ್ಲಿ 1921ರ ಹೊತ್ತಿಗೆ ಪ್ರಾಂತದ ಗ್ರಾಮೀಣ ಸಾಲ 90 ಕೋಟಿ ರೂಪಾಯಿ. 1929ಕ್ಕೆ ಅದು 135 ಕೋಟಿ ಎಂದು ಬ್ಯಾಂಕಿಂಗ್ ವಿಚಾರಣಾ ಸಮಿತಿ ಲೆಕ್ಕ ಹಾಕಿತು. ಅದರ ಮೇಲೆ ಜಾಗತಿಕ ಆರ್ಥಿಕ ಕುಸಿತ ಬಂತು, ಗೋಧಿಯ ಬೆಲೆ ಬಿದ್ದುಹೋಯಿತು. ಬೆಳೆಯ ಬೆಲೆ ಇಳಿದರೂ ಸಾಲದ ಅಂಕಿ ಇಳಿಯುವುದಿಲ್ಲ ಅಲ್ವಾ?

ಇಲ್ಲಿ ಒಂದು ವಿಷಯ ನೆನಪಿಡಬೇಕು. ಪಶ್ಚಿಮ ಪಂಜಾಬಿನ ರೈತರಲ್ಲಿ ಹೆಚ್ಚಿನವರು ಮುಸ್ಲಿಮರು. ಸಾಲ ಕೊಡುವವರು ಹೆಚ್ಚಾಗಿ ಹಿಂದೂ ವ್ಯಾಪಾರಿ ಸಮುದಾಯದವರು. ಛೋಟೂ ರಾಮ್ ಸ್ವತಃ ಆರ್ಯ ಸಮಾಜದ ಪ್ರಭಾವದ ಹಿಂದೂ. ಧರ್ಮದ ಲೆಕ್ಕ ನೋಡಿದ್ದರೆ ಅವರು ಆಚೆ ಬದಿ ನಿಲ್ಲಬೇಕಿತ್ತು. 1923ರಲ್ಲಿ ಸರ್ ಫಝ್ಲೆ ಹುಸೈನ್ ಜೊತೆ ಸೇರಿ ಯೂನಿಯನಿಸ್ಟ್ ಪಕ್ಷ ಕಟ್ಟಿದರು. ಹಿಂದೂ, ಮುಸ್ಲಿಂ, ಸಿಖ್ ರೈತರಿಗೆಲ್ಲ ಒಂದೇ ಪಕ್ಷ. ಮರುವರ್ಷ ಕೃಷಿ ಸಚಿವರಾದರು.

ಸಾಲಗಾರನ ಪರ ಕಾನೂನುಗಳು ಒಂದೊಂದಾಗಿ ಬಂದವು. 1930ರ ಲೆಕ್ಕಪತ್ರ ಕಾಯ್ದೆಯ ಪ್ರಕಾರ ಸಾಲ ಕೊಟ್ಟವನು ಸರಿಯಾದ ಪುಸ್ತಕ ಇಡಬೇಕು, ಆರು ತಿಂಗಳಿಗೊಮ್ಮೆ ಸಾಲಗಾರನಿಗೆ ಲೆಕ್ಕದ ಪ್ರತಿ ಕಳಿಸಬೇಕು. ತಪ್ಪಿದರೆ ಕೋರ್ಟು ಬಡ್ಡಿಗೆ ಕತ್ತರಿ ಹಾಕಬಹುದು. ಆಮೇಲೆ ಬಂತು 1934ರ ಪಂಜಾಬ್ ಋಣಭಾರ ಪರಿಹಾರ ಕಾಯ್ದೆ. ಆ ಹೊತ್ತಿಗೆ ಛೋಟೂ ರಾಮ್ ಸಚಿವರಲ್ಲ, ಶಾಸನಸಭೆಯಲ್ಲಿ ಪಕ್ಷದ ಮುಂದಾಳು. ಸಭೆಯ ಒಳಗೂ, ಪತ್ರಿಕೆಯಲ್ಲೂ, ಹಳ್ಳಿಯ ಸಭೆಗಳಲ್ಲೂ ಇದಕ್ಕಾಗಿ ದುಡಿದವರಲ್ಲಿ ಅವರದ್ದೇ ಮೊದಲ ಹೆಸರು.

ಈ ಕಾಯ್ದೆಯಲ್ಲಿ ಏನಿತ್ತು ಎಂದು ಸ್ವಲ್ಪ ನಿಧಾನವಾಗಿ ನೋಡುವ. ಮೊದಲನೆಯದು, ಕೊಟ್ಟ ಅಸಲಿನ ಎರಡು ಪಟ್ಟಿಗಿಂತ ಜಾಸ್ತಿಗೆ ಡಿಕ್ರಿ ಇಲ್ಲ, ಅದರಲ್ಲೂ ಈಗಾಗಲೇ ಕಟ್ಟಿದ್ದನ್ನು ಕಳೆಯಬೇಕು. ನೂರು ರೂಪಾಯಿ ತಂದವನು ನೂರೈವತ್ತು ಕಟ್ಟಿದ್ದರೆ ಸಾಹುಕಾರನಿಗೆ ಇನ್ನು ಸಿಗುವುದು ಐವತ್ತು ಮಾತ್ರ. ಎರಡನೆಯದು, ಕೋರ್ಟಿಗೆ ಹೋಗುವ ಬದಲು ಕೂತು ಮಾತಾಡಿ ಮುಗಿಸಲು ಸಾಲ ರಾಜಿ ಮಂಡಳಿಗಳು. ಮತ್ತೆ, ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಸಾಲಗಾರನನ್ನು ಜೈಲಿಗೆ ಹಾಕುವ ಹಾಗಿಲ್ಲ. ಜಪ್ತಿಗೆ ಬರುವ ಆಸ್ತಿ ಇದ್ದೂ ಕಟ್ಟಲು ಒಪ್ಪದವನಿಗೆ ಮಾತ್ರ ಆ ಶಿಕ್ಷೆ.

ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮನೆಯ ವಿಷಯ. 60ನೇ ಕಲಂನಲ್ಲಿ ರೈತನು ವಾಸ ಇರುವ ಮನೆಯನ್ನು ಜಪ್ತಿ ಮಾಡಬಾರದು ಎಂದು ಮೊದಲೇ ಇತ್ತು. ಇದ್ದರೇನು? ನಾನು ರೈತ, ನಾನು ಇಲ್ಲೇ ವಾಸ ಇದ್ದೇನೆ ಎಂದು ರುಜು ಮಾಡಬೇಕಾದವನು ಓದು ಬರಹ ಬಾರದ ಸಾಲಗಾರನೇ. 1934ರ ಕಾಯ್ದೆ ಮತ್ತು ಆಮೇಲೆ ಬಂದ ತಿದ್ದುಪಡಿಗಳು ಸೇರಿ ಪಂಜಾಬಿನ ಮಟ್ಟಿಗೆ ಇದನ್ನು ತಲೆಕೆಳಗು ಮಾಡಿದವು. ಮನೆಯನ್ನು ಹೊರಗಿನವರಿಗೆ ಬಾಡಿಗೆಗೆ ಕೊಟ್ಟಿದ್ದಾನೆ ಅಥವಾ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಖಾಲಿ ಬಿಟ್ಟಿದ್ದಾನೆ ಎಂದು ಸಾಲ ಕೊಟ್ಟವನೇ ಸಾಬೀತು ಮಾಡಬೇಕು. ತಂದೆ ತಾಯಿ, ಹೆಂಡತಿ, ಮಗ, ಸೊಸೆ, ಮಗಳು, ಅಣ್ಣ ತಮ್ಮ, ಅಕ್ಕ ತಂಗಿ ಇದ್ದರೂ ಅದು ವಾಸದ ಮನೆಯೇ. ಹಾಲು ಕೊಡುವ ಎಮ್ಮೆ ದನ, ಗಾಡಿ ಎಳೆಯುವ ಪ್ರಾಣಿ, ದನ ಕಟ್ಟುವ ಜಾಗ, ಹುಲ್ಲು ಮತ್ತು ಗೊಬ್ಬರ ರಾಶಿ ಹಾಕುವ ಅಂಗಳ, ಇಷ್ಟಕ್ಕೂ ರಕ್ಷಣೆ. ಮುಂದಕ್ಕೆ ರೈತನಲ್ಲದವನ ಒಂದು ಮುಖ್ಯ ವಾಸದ ಮನೆಯನ್ನೂ ಸೇರಿಸಿದರು. ಆ ಮನೆಯನ್ನೇ ಸಾಲಕ್ಕೆ ಆಧಾರವಾಗಿ ಬರೆದುಕೊಟ್ಟಿದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಇನ್ನೊಂದು ಜಾಣತನದ ಸಾಲು ಉಂಟು. ಈ ರಕ್ಷಣೆ ನನಗೆ ಬೇಡ ಎಂದು ಸಾಲಗಾರ ಮೊದಲೇ ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆ ಇಲ್ಲ. ಕಷ್ಟದಲ್ಲಿ ಇರುವವನಿಂದ ಏನನ್ನು ಬೇಕಾದರೂ ಬರೆಸಿಕೊಳ್ಳಬಹುದು ಎಂದು ಕೋರ್ಟಿನಲ್ಲಿ ನಿಂತು ಕಂಡವರಿಗೆ ಮಾತ್ರ ಹೊಳೆಯುವ ಸಾಲು ಅದು. 1976ರಲ್ಲಿ ಇಂಥದ್ದೇ ನಿಯಮವನ್ನು ಇಡೀ ದೇಶಕ್ಕೆ ಸಂಹಿತೆಯಲ್ಲೇ ಸೇರಿಸಿದರು.

ನಮ್ಮ ಫಿಕ್ಹ್ ಗ್ರಂಥಗಳಲ್ಲೂ ಮುಫ್ಲಿಸ್, ಅಂದರೆ ದಿವಾಳಿಯಾದವನ ಅಧ್ಯಾಯ ಇದೆ. ಬಟ್ಟೆಯನ್ನು ಬಿಡಬೇಕು ಎಂಬಲ್ಲಿ ಭಿನ್ನಾಭಿಪ್ರಾಯ ಇಲ್ಲ. ಮನೆಯ ವಿಷಯಕ್ಕೆ ಬಂದರೆ ಇಮಾಮರ ದಾರಿ ಬೇರೆ ಬೇರೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಸಾಲ ಕೊಟ್ಟವನ ಹಕ್ಕಿಗಾಗಿ ಮನೆಯೂ ಮಾರಾಟಕ್ಕೆ ಬರುತ್ತದೆ. ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರು ತೀರಾ ಅಗತ್ಯದ ವಾಸದ ಮನೆಯನ್ನು ಬಿಟ್ಟರು. ಕೈಯಲ್ಲಿ ಏನೂ ಇಲ್ಲದವನಿಗೆ ಅವಧಿ ಕೊಡಬೇಕು ಎಂಬ ಖುರ್‌ಆನಿನ ಆದೇಶ ಎಲ್ಲರಿಗೂ ಒಂದೇ. ಕೊಟ್ಟವನ ಹಕ್ಕು ಸಣ್ಣದಲ್ಲ ಎಂದು ನೆನಪಿಸಲು ಇದನ್ನು ಹೇಳಿದೆ. ಛೋಟೂ ರಾಮರ ಕಾನೂನೂ ಸಾಲವನ್ನು ಅಳಿಸಲಿಲ್ಲ.

1936ರಲ್ಲಿ ಸಾಲಗಾರರ ರಕ್ಷಣಾ ಕಾಯ್ದೆ ಬಂತು, ಹೊಲದಲ್ಲಿ ನಿಂತ ಬೆಳೆಗೂ ಮರಕ್ಕೂ ಅದರಲ್ಲಿ ರಕ್ಷಣೆ ಸಿಕ್ಕಿತು. ಅದೇ ವರ್ಷ ಫಝ್ಲೆ ಹುಸೈನ್ ತೀರಿಕೊಂಡರು. 1937ರ ಚುನಾವಣೆಯಲ್ಲಿ ಪಕ್ಷ ಗೆದ್ದು ಸರ್ ಸಿಕಂದರ್ ಹಯಾತ್ ಖಾನ್ ಪ್ರೀಮಿಯರ್ ಆದರು, ಛೋಟೂ ರಾಮ್ ಅಭಿವೃದ್ಧಿ ಸಚಿವ. ಸರ್ ಪದವಿ ಬಂದದ್ದೂ ಆ ವರ್ಷವೇ. 1938ರಲ್ಲಿ ಇನ್ನೂ ಗಟ್ಟಿ ಏಟು ಬಿತ್ತು. 1901ರ ಜೂನ್ 8ಕ್ಕೆ ಮೊದಲು ಅಡವು ಹೋಗಿ ಇನ್ನೂ ಬಿಡಿಸಿಕೊಳ್ಳದ ಜಮೀನು ಹಿಂದಕ್ಕೆ ಕೊಡಬೇಕು. ಅಡವು ಹಿಡಿದವನು ಅಸಲಿನ ಎರಡು ಪಟ್ಟು ಫಲ ತಿಂದಿದ್ದರೆ ಒಂದು ಕಾಸೂ ಕೊಡಬೇಕಿಲ್ಲ. ಅಜ್ಜ ಅಡವಿಟ್ಟ ಹೊಲ ಮೊಮ್ಮಗನ ಕೈಗೆ ಬಂತು. ಬೇನಾಮಿ ಹೆಸರಿನಲ್ಲಿ ರೈತರ ಭೂಮಿ ನುಂಗುವುದಕ್ಕೆ ತಡೆ, ಬಡ್ಡಿ ವ್ಯವಹಾರ ಮಾಡುವವರಿಗೆ ನೋಂದಣಿ, ಮರುವರ್ಷ ಮಂಡಿಗಳಲ್ಲಿ ತೂಕದ ಮೋಸ ತಡೆಯುವ ಮಾರುಕಟ್ಟೆ ಕಾಯ್ದೆ.

ಹಳ್ಳಿಯವರು ಇವನ್ನು ಬಂಗಾರದ ಕಾನೂನು ಎಂದು ಕರೆದರು. ಪಟ್ಟಣದ ವ್ಯಾಪಾರಿಗಳು ಕರಾಳ ಕಾನೂನು ಎಂದರು. ಸಭೆ, ಮೆರವಣಿಗೆ, ಪತ್ರಿಕೆಗಳಲ್ಲಿ ಬೈಗುಳ. ಸ್ವಧರ್ಮದ ದ್ರೋಹಿ ಎಂಬ ಮಾತನ್ನೂ ಅವರು ಕೇಳಬೇಕಾಯಿತು. ಮುಸ್ಲಿಂ ರೈತರು ಅವರಿಗೆ ರಹ್‌ಬರೇ ಆಝಮ್ ಎಂಬ ಬಿರುದು ಕೊಟ್ಟರು, ಮಹಾ ಮಾರ್ಗದರ್ಶಿ ಎಂದು ಅರ್ಥ.

ಕೊರತೆ ಇರಲಿಲ್ಲ ಎಂದಲ್ಲ. ಭೂಮಿಯ ಕಾನೂನು ಕಟ್ಟಿದ್ದು ಬ್ರಿಟಿಷರು ಮಾಡಿಟ್ಟ ಕೃಷಿಕ ಜಾತಿಗಳ ಪಟ್ಟಿಯ ಮೇಲೆ. ಪಟ್ಟಿಯಲ್ಲಿ ಇಲ್ಲದ ದಲಿತ ಕೂಲಿಯವನಿಗೆ ಒಂದು ತುಂಡು ಹೊಲ ಕೊಳ್ಳುವುದೂ ಕಷ್ಟ. ವ್ಯಾಪಾರಿ ಸಾಹುಕಾರ ಹಿಂದೆ ಸರಿದ ಕಡೆ ದೊಡ್ಡ ಜಮೀನ್ದಾರನೇ ಬಡ್ಡಿಗೆ ಕೊಡಲು ಕೂತ. ಪಕ್ಷದಲ್ಲಿ ಅಂತಹ ಜಮೀನ್ದಾರರಿಗೆ ಏನೂ ಬರಗಾಲ ಇರಲಿಲ್ಲ, ಹಾಗಾಗಿ ಆ ಕಡೆಗೆ ಕೈ ಅಷ್ಟು ಗಟ್ಟಿಯಾಗಿ ಹೋಗಲಿಲ್ಲ ಎಂದೇ ನನಗೆ ಕಾಣುತ್ತದೆ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಒಂದು ಮಾತು. ಇಡೀ ದೇಶಕ್ಕೆ ಇರುವ 60ನೇ ಕಲಂ ಇವತ್ತು ವಾಸದ ಮನೆಗೆ ರಕ್ಷಣೆ ಹೇಳುವುದು ಕೃಷಿಕ, ಕೂಲಿ ಕಾರ್ಮಿಕ ಮತ್ತು ಮನೆಕೆಲಸದವರಿಗೆ. ಗೂಡಂಗಡಿ ಇಟ್ಟವನು, ಮೀನು ವ್ಯಾಪಾರದವನು ಈ ಮೂರರಲ್ಲಿ ಬರುವುದಿಲ್ಲ. ಪಂಜಾಬ್, ಹರಿಯಾಣದಲ್ಲಿ ಹಳೆಯ ತಿದ್ದುಪಡಿ ಇನ್ನೂ ಉಳಿದ ಕಾರಣ ಅಂಥವನ ಮುಖ್ಯ ಮನೆಗೂ ಬೇಲಿ ಉಂಟು. ಮಗಳ ಮದುವೆಗೋ ಗಲ್ಫ್ ವೀಸಾಕ್ಕೋ ಮನೆಯ ಪತ್ರವನ್ನೇ ಅಡವು ಇಟ್ಟರೆ ಅಲ್ಲಿಯೂ ಆ ಬೇಲಿ ನಿಲ್ಲುವುದಿಲ್ಲ.

1942ರಲ್ಲಿ ಸಿಕಂದರ್ ಹಯಾತ್ ತೀರಿಕೊಂಡು ಖಿಝರ್ ಹಯಾತ್ ಟಿವಾಣಾ ಪ್ರೀಮಿಯರ್ ಆದರು. 1944ರಲ್ಲಿ ಜಿನ್ನಾ ಲಾಹೋರಿಗೆ ಬಂದು, ಯೂನಿಯನಿಸ್ಟ್ ಹೆಸರು ಬಿಟ್ಟು ಮುಸ್ಲಿಂ ಲೀಗಿನ ಹೆಸರಿನಲ್ಲಿ ಸರಕಾರ ನಡೆಸಬೇಕೆಂದು ಒತ್ತಾಯಿಸಿದಾಗ ಖಿಝರ್ ಒಪ್ಪಲಿಲ್ಲ. ಅವರ ಬೆನ್ನಿಗೆ ಗಟ್ಟಿಯಾಗಿ ನಿಂತವರು ಛೋಟೂ ರಾಮ್. ಆಗ ಅವರು ಕಂದಾಯ ಸಚಿವರು, ಭಾಕ್ರಾ ಅಣೆಕಟ್ಟಿಗಾಗಿ ಬಿಲಾಸ್‌ಪುರದ ರಾಜನ ಜೊತೆ ಮಾತುಕತೆಯಲ್ಲೂ ಇದ್ದರು. ಆರೋಗ್ಯ ಕೆಟ್ಟಿತ್ತು. 1945ರ ಜನವರಿ 9ರಂದು ಲಾಹೋರಿನಲ್ಲಿ ತೀರಿಕೊಂಡರು, 63 ವರ್ಷ. ದೇಹವನ್ನು ರೋಹ್ಟಕ್‌ಗೆ ತಂದು ಅಲ್ಲೇ ಅಂತ್ಯಕ್ರಿಯೆ ಮಾಡಿದರು. ಎರಡೂವರೆ ವರ್ಷ ಕಳೆದಾಗ ಅವರು ಕಾನೂನು ಬರೆದ ಪಂಜಾಬು ಎರಡು ತುಂಡಾಗಿತ್ತು, ಅವರು ಉಳಿಸಿಕೊಟ್ಟ ಮನೆಗಳಲ್ಲಿ ಎಷ್ಟನ್ನೋ ಎರಡೂ ಕಡೆಯ ರೈತರು ಬೀಗವೂ ಹಾಕದೆ ಬಿಟ್ಟು ಹೋಗಿದ್ದರು.